ಕಿತ್ತಿಕೊ-ಹಚ್ಚಿಕೊ: ಒಂದು ಸಣ್ಣ ತೂತಿನ ಹಿಂದಿನ ಇತಿಹಾಸ

(1/3)
ನಿಮ್ಮ ಅಂಗಿನೋ ಚೂಡಿದಾರಾನೋ ತಗೊಂಡು ಒಳಗಿನ ಲೇಬಲ್ ಓದ್ರಿ. ‘ವಿಸ್ಕೋಸ್’ ಅಥವಾ ‘ರೇಯಾನ್’ ಅಂತ ಇದ್ರ, ಆ ಬಟ್ಟಿ ಒಂದು ಕಾಲಕ್ಕ ಕಟ್ಟಿಗೆ ಆಗಿತ್ತು. ಕಟ್ಟಿಗೆ ನೂಲಾಗೋ ಈ ಕತಿಗೂ ನಮ್ಮ ಹುಲಗೂರಿನ ಆಚೆಗಿರೋ ಹಾನಗಲ್ ತಾಲೂಕಿಗೂ ಸಂಬಂಧ ಐತಿ.

ಮೊದಲು ಸ್ವಲ್ಪ ವಿಜ್ಞಾನ. ಕಟ್ಟಿಗೆಯಲ್ಲಿ ಸೆಲ್ಯುಲೋಸ್ ಇರ್ತದ. ಸಾವಿರಾರು ಗ್ಲೂಕೋಸ್ ಕಣಗಳು ಕೈ ಕೈ ಹಿಡಿದು ನಿಂತ ಉದ್ದನೆ ಸರಪಳಿ ಅದು. ಇಂಥ ಸರಪಳಿಗೇ ಪಾಲಿಮರ್ ಅಂತಾರ. 1892ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್, ಬೀಡಲ್ ಅನ್ನೋ ಮೂವರು, ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್ ಹಾಕಿ ಸೆಲ್ಯುಲೋಸನ್ನ ಜೇನಿನಂಥ ಮಂದ ದ್ರವ ಮಾಡೋ ದಾರಿ ಕಂಡುಕೊಂಡರು. ಅದೇ ವಿಸ್ಕೋಸ್.

ಆ ದ್ರವವನ್ನ ಕೂದಲೆಳೆಯಷ್ಟು ಸಣ್ಣ ತೂತುಗಳಿಂದ ಒತ್ತಿ ಆಮ್ಲದ ತೊಟ್ಟಿಗೆ ಬಿಟ್ರ ನೂಲು. ನಾವು ಶೇವು ಒತ್ತಿ ಕಾದ ಎಣ್ಣಿಗೆ ಬಿಡೋ ಹಂಗ.

(2/3)
ಆ ತೂತಿನ ಒಳಗ ಏನಾಗ್ತದ? ಜಾತ್ರಿಯ ಇಕ್ಕಟ್ಟು ಓಣಿ ನೆನಪು ಮಾಡ್ಕೊಳ್ರಿ. ಹತ್ತು ಹುಡುಗರು ಕೈ ಹಿಡ್ಕೊಂಡು ಹೊಂಟಾರ. ಗ್ವಾಡಿ ಕಡೆ ಇದ್ದವನು ಮುಂದ ಸರಿಯಂಗಿಲ್ಲ, ನಡುವಿನವನನ್ನ ಜನರ ನೂಕು ಎಳಕೊಂಡು ಹೋಗ್ತದ. ಸುತ್ತಿಕೊಂಡಿದ್ದ ಸಾಲು ತಾನಾಗೇ ಉದ್ದಕ್ಕ ಬಿಚ್ಚಿಕೊಳ್ತದ. ದ್ರವವೂ ಹಂಗೇ. ಗ್ವಾಡಿಯ ಹತ್ತಿರ ಅದರ ವೇಗ ಸೊನ್ನೆ, ನಡುವೆ ಎಲ್ಲಕ್ಕಿಂತ ಜೋರು. ಮುದ್ದೆಯಾಗಿದ್ದ ಸರಪಳಿ ಈ ವ್ಯತ್ಯಾಸಕ್ಕ ಸಿಕ್ಕು ಹಿಗ್ಗಿ, ಹರಿವಿನ ದಿಕ್ಕಿಗೆ ತಿರುಗ್ತದ.

ತೂತು ದಾಟಿದ ಕೂಡಲೇ ಅದು ಮತ್ತ ಮುದುಡಲಿಕ್ಕೆ ನೋಡ್ತದ. ಅದಕ್ಕ ನೂಲನ್ನ ಎಳೆದು ಹಿಡಿದು, ಆಮ್ಲದಲ್ಲಿ ಗಟ್ಟಿ ಮಾಡ್ತಾರ. ಸರಪಳಿಗಳು ಸಾಲಾಗಿ ನಿಂತಷ್ಟು ನೂಲು ಗಟ್ಟಿ. ಸರಪಳಿ ಬಹಳ ಉದ್ದ ಇದ್ರ ದ್ರವ ಮಂದ ಆಗಿ ಒತ್ತೋದು ಕಷ್ಟ, ಗಿಡ್ಡ ಆದ್ರ ನೂಲು ಪುಸುಕ್ಕನೆ ಹರೀತದ. ಅಂದ್ರ ಕಾರ್ಖಾನೆಗೆ ಒಂದೇ ಸಮ ಇರೋ ತಿರುಳು ಬೇಕು, ಅದೂ ರಾಶಿಗಟ್ಟಲೆ. ಒಂದೇ ಜಾತಿಯ, ಬೇಗ ಬೆಳೆಯೋ ಗಿಡ ಇದ್ರ ಅನುಕೂಲ. ಅಲ್ಲಿಗೆ ಬಂತು ನೀಲಗಿರಿ.

(3/3)
ತುಂಗಭದ್ರಾ ದಂಡಿಯ ಕುಮಾರಪಟ್ಟಣದಲ್ಲಿ, ಅಂದ್ರ ನಮ್ಮದೇ ಜಿಲ್ಲೆಯ ರಾಣೆಬೆನ್ನೂರು ತಾಲೂಕಿನಲ್ಲಿ, 1970ರ ದಶಕದಿಂದ ಹರಿಹರ ಪಾಲಿಫೈಬರ್ಸ್ ರೇಯಾನ್‌ಗೆ ಬೇಕಾದ ತಿರುಳು ಮಾಡ್ತಾ ಬಂದದ. 1984ರಲ್ಲಿ ಸರಕಾರದ ಕಡೆಯಿಂದ 51, ಕಂಪನಿಯಿಂದ 49 ಪಾಲು ಸೇರಿ ‘ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್’ ಹುಟ್ಟಿತು. ನೀಲಗಿರಿ ಬೆಳೆಸಲಿಕ್ಕೆ ಅಂತ ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ದರ್ಜೆಯ ಜಮೀನನ್ನ ಅದಕ್ಕ ಗೊತ್ತು ಮಾಡಿದರು.

ಕಾಗದದ ಮ್ಯಾಲೆ ಅದು ಪಾಳು ಭೂಮಿ. ಊರವರಿಗೆ ಅದೇ ದನ ಮೇಯೋ ಜಾಗ, ಒಲಿಗೆ ಪುಳ್ಳಿ ಸಿಗೋ ಜಾಗ. ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್. ಆರ್. ಹಿರೇಮಠ ಹಳ್ಳಿ ಜನರ ಜೊತಿ ನಿಂತರು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ಕ್ಕ ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಉಪಯೋಗ ಬೀಳೋ ಗಿಡ ಹಚ್ಚಿದರು. ಅದಕ್ಕ ಹೆಸರು ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ. 1991ರಲ್ಲಿ ಆ ಜಂಟಿ ಕಂಪನಿಯನ್ನ ಮುಚ್ಚಿದರು.

ನಾನು ಓದೋದು ಬಿಕಾಂ, ಹಂಗಾಗಿ ಲೆಕ್ಕದ ಕಡೆನೇ ಕಣ್ಣು ಹೋಗ್ತದ. 51-49 ಅಂತ ಪಾಲು ಬರೆದ್ರ ಒಟ್ಟು ನೂರಾಯ್ತು. ದನದ ಮೇವಿಗೆ, ಒಲಿಯ ಪುಳ್ಳಿಗೆ ಆ ನೂರರಲ್ಲಿ ಒಂದು ಪೈಸೆನೂ ಇರಲಿಲ್ಲ. ಅದನ್ನ ಕುಸನೂರಿನವರು ಸಸಿ ಕಿತ್ತು ತೋರಿಸಿದರು.

ನಿಮ್ಮೂರಿನ ಗಾಯರಾಣದಾಗ ಈಗ ಯಾವ ಗಿಡ ಅದಾವು? ಮನಿಯಲ್ಲಿ ಹಿರಿಯರಿಗೆ 1987ರ ನೆನಪಿದ್ರ ಕೇಳಿ, ಕೆಳಗ ಬರೀರಿ.

#ಹುಲಗೂರು #ಹಾನಗಲ್ #ಕಿತ್ತಿಕೊಹಚ್ಚಿಕೊ #ನಮ್ಮೂರಇತಿಹಾಸ