ಕಿಟಕಿಯ ಬಣ್ಣದ ಹಿಂದಿನ ಕಥೆ: ಸ್ಮಾಲ್‌ಟಾಕ್, ಸ್ಕ್ವೀಕ್, ಫಾರೋ

ಈ ಎಪಿಸೋಡ್ ಹುಡುಕೋಕೆ ನೀವು ಈಗಷ್ಟೇ ಫೋನ್ ಮೇಲೆ ಬೆರಳಿಟ್ಟು ಸ್ಕ್ರಾಲ್ ಮಾಡಿರ್ತೀರಿ. ಸಾಲುಗಳು ನುಣುಪಾಗಿ ಜಾರಿಕೊಂಡು ಹೋದವು, ಅಲ್ವಾ? ಇವತ್ತಿನ ಕಥೆ ಅಲ್ಲಿಂದಲೇ ಶುರು.

1979ರ ಡಿಸೆಂಬರ್. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರ. ಆಪಲ್‌ನ ಸ್ಟೀವ್ ಜಾಬ್ಸ್ ತಮ್ಮ ತಂಡದ ಜೊತೆ ಬಂದಿದ್ದಾರೆ. ಡ್ಯಾನ್ ಇಂಗಲ್ಸ್ ಅವರಿಗೆ ಸ್ಮಾಲ್‌ಟಾಕ್ ತೋರಿಸ್ತಿದ್ದಾರೆ. ಪರದೆ ಮೇಲಿನ ಬರಹ ಒಂದೊಂದೇ ಸಾಲಾಗಿ ಜಿಗಿಯುತ್ತಿತ್ತು. ಇದು ಮೆಲ್ಲಗೆ ಸರಿಯೋ ಹಾಗಿದ್ರೆ ಚೆನ್ನಾಗಿತ್ತು ಅನ್ನೋ ಮಾತು ಬಂತು. ಇಂಗಲ್ಸ್ ಅಲ್ಲೇ ಕೋಡ್ ತೆಗೆದು ತಿದ್ದಿದರು. ಒಂದು ನಿಮಿಷವೂ ಆಗಿರಲಿಲ್ಲ, ಸ್ಕ್ರಾಲ್ ನುಣುಪಾಗಿತ್ತು. ಏನನ್ನೂ ನಿಲ್ಲಿಸಿ ಮತ್ತೆ ಶುರು ಮಾಡಬೇಕಾಗಲೇ ಇಲ್ಲ.

ಇದು ಹೇಗೆ ಸಾಧ್ಯ ಆಯ್ತು? ಸ್ಮಾಲ್‌ಟಾಕ್ ಬರೀ ಭಾಷೆ ಅಲ್ಲ, ಒಂದು ಇಡೀ ಪರಿಸರ. ಅಲನ್ ಕೇ, ಅಡೆಲ್ ಗೋಲ್ಡ್‌ಬರ್ಗ್, ಇಂಗಲ್ಸ್ ಮತ್ತವರ ಗೆಳೆಯರು 1970ರ ದಶಕದಲ್ಲಿ ಕಟ್ಟಿದ್ದು. ಅದರ ಕಿಟಕಿ, ಮೆನು, ಸ್ಕ್ರಾಲ್ ಪಟ್ಟಿ ಎಲ್ಲವೂ ಅದೇ ಭಾಷೆಯಲ್ಲಿ ಬರೆದಿದ್ದು. ಹಾಗಾಗಿ ಓಡ್ತಾ ಇರುವಾಗಲೇ ಒಳಗೆ ಕೈಹಾಕಿ ತಿದ್ದಬಹುದಿತ್ತು. ಒಂದರ ಮೇಲೊಂದು ಕೂರುವ ಕಿಟಕಿಗಳನ್ನು ಮೊದಲು ನಡೆಸಿ ತೋರಿಸಿದವರಲ್ಲಿ ಇವರೂ ಇದ್ದಾರೆ.

ಈಗ ಸುಮಾರು ಹದಿನೇಳು ವರ್ಷ ಮುಂದೆ ಬನ್ನಿ. 1996ರಲ್ಲಿ, ಆಪಲ್‌ನಲ್ಲಿದ್ದ ಕೇ ಮತ್ತು ಇಂಗಲ್ಸ್ ತಂಡ ಸ್ಮಾಲ್‌ಟಾಕ್‌ನ ಹೊಸ ರೂಪವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಹೆಸರು ಸ್ಕ್ವೀಕ್. ಆಮೇಲೆ ತಂಡ ಡಿಸ್ನಿಗೆ ಹೋಯ್ತು, ಅಲ್ಲಿ ಮಕ್ಕಳಿಗಾಗಿ ಈಟಾಯ್ಸ್ ಬೆಳೆಯಿತು. ನಿಮ್ಮಲ್ಲಿ ಕೆಲವರು ಶಾಲೆಯಲ್ಲಿ ಬಳಸಿರೋ ಸ್ಕ್ರ್ಯಾಚ್ ಇದೆಯಲ್ಲ, 2007ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯನ್ನೂ ಸ್ಕ್ವೀಕ್ ಮೇಲೆಯೇ ಕಟ್ಟಿದ್ದು.

ಸ್ಕ್ವೀಕ್ ಒಂದು ಗಟ್ಟಿ ನಿರ್ಧಾರ ಮಾಡಿತ್ತು. ವಿಂಡೋಸ್ ಇರಲಿ, ಮ್ಯಾಕ್ ಇರಲಿ, ಲಿನಕ್ಸ್ ಇರಲಿ, ಅವುಗಳ ಬಟನ್ ಕಡ ತರಲ್ಲ. ಪರದೆಯ ಪ್ರತಿ ಚುಕ್ಕಿಯನ್ನೂ ತಾನೇ ಬಿಡಿಸುತ್ತೆ. ಲಾಭ ಏನಂದ್ರೆ ಎಲ್ಲ ಕಡೆ ಒಂದೇ ಮುಖ. ನಷ್ಟ ಏನಂದ್ರೆ ಎಲ್ಲ ಕಡೆಯೂ ಅದು ನೆಂಟನ ಹಾಗೆ, ಮನೆಯವನಲ್ಲ. ಬ್ರೌಸರ್ ಕಿಟಕಿಗೆ ತಿಳಿ ಹಸಿರು, ಬರೆಯುವ ಕಿಟಕಿಗೆ ತಿಳಿ ಹಳದಿ, ಹೀಗೆ ಒಂದೊಂದಕ್ಕೂ ಒಂದೊಂದು ಬಣ್ಣ. ನಾನು ಮೊದಲ ಸಲ ತೆರೆದಾಗ ಅನ್ನಿಸಿದ್ದು ಇಷ್ಟೇ: ಇದು ಮಕ್ಕಳ ಆಟಿಕೆ. ಕಿಟಕಿ ಅನ್ನೋ ಕಲ್ಪನೆ ಬೆಳೆದ ಮನೆಯ ಕುಡಿ ಇದು ಅಂತ ಹೊಳೆಯಲೇ ಇಲ್ಲ. ಬಣ್ಣ ನೋಡಿಯೇ ತೀರ್ಪು ಕೊಟ್ಟುಬಿಟ್ಟಿದ್ದೆ.

ಹಾಗಾದ್ರೆ ಬಣ್ಣ ಬಳಿದ್ರೆ ಮುಗೀತಲ್ಲ? ಅಷ್ಟು ಸುಲಭ ಅಲ್ಲ. ಆ ಮುಖದ ಹಿಂದೆ ವರ್ಷಗಟ್ಟಲೆ ಕೋಡ್ ಹೆಣೆದುಕೊಂಡಿತ್ತು, ಈಟಾಯ್ಸ್ ಕೂಡ ಅದರೊಳಗೇ. ಶುಚಿ ಮಾಡಬೇಕಂದ್ರೆ ಯಾರದ್ದೋ ಪ್ರೀತಿಯ ಸಾಮಾನು ಹೊರಗೆ ಹಾಕಬೇಕು. ಅಂದ್ರೆ ನಿಜವಾದ ಪ್ರಶ್ನೆ, ಈ ಸಾಧನ ಯಾರಿಗಾಗಿ? ಕಲಿಯೋ ಮಗುವಿಗಾ, ಇದರಿಂದಲೇ ಹೊಟ್ಟೆ ಹೊರೆಯೋ ಪ್ರೋಗ್ರಾಮರ್‌ಗಾ?

2008ರಲ್ಲಿ ದಾರಿ ಕವಲೊಡೆಯಿತು. ಸ್ಟೆಫಾನ್ ಡುಕಾಸ್, ಮಾರ್ಕಸ್ ಡೆಂಕರ್ ಮತ್ತಿತರರು ಸ್ಕ್ವೀಕ್‌ನಿಂದ ಫಾರೋ ಅನ್ನೋ ಹೊಸ ಯೋಜನೆ ಶುರು ಮಾಡಿದರು. ಗುರುತು ದೀಪಸ್ತಂಭ. ಈಟಾಯ್ಸ್ ಕೋಡ್ ತೆಗೆದರು, ಪಾಲಿಮಾರ್ಫ್ ಅನ್ನೋ ಕೋಡ್ ಸೇರಿಸಿ ಬಟನ್, ಕಿಟಕಿ, ಥೀಮ್‌ಗಳಿಗೆ ಹೊಸ ರೂಪ ಕೊಟ್ಟರು. ಫಾರೋ 1.0 ಬಂದಿದ್ದು 2010ರಲ್ಲಿ. 2015ರ ಫಾರೋ 4ರ ಹೊತ್ತಿಗೆ ಕಪ್ಪು ಥೀಮ್ ಕೂಡ ಬಂತು. ಸ್ಕ್ವೀಕ್ ಸಾಯಲಿಲ್ಲ, ತನ್ನ ಸ್ವಭಾವ ಬಿಡದೆ ಅದೂ ನಡೀತಿದೆ, ಅದಕ್ಕೂ ಹೊಸ ಥೀಮ್‌ಗಳು ಬಂದಿವೆ.

ಯಾರು ಸರಿ? ನನಗೆ ಇಬ್ಬರೂ ಸರಿ ಅನ್ಸುತ್ತೆ. ಓಪನ್ ಸೋರ್ಸ್ ಆಗಿದ್ದರಿಂದಲೇ ಒಬ್ಬರು ಇನ್ನೊಬ್ಬರನ್ನು ಸೋಲಿಸಬೇಕಾಗಲಿಲ್ಲ. ಎರಡು ಮನೆ ಆಯ್ತು, ಎರಡರಲ್ಲೂ ದೀಪ ಉರೀತಿದೆ. ಆದರೆ ನಿಮ್ಮ ಫೋನ್ ನೋಡಿ. ಸ್ಕ್ರಾಲ್ ಇಷ್ಟವಾಗದಿದ್ದರೆ ಅದನ್ನು ತೆರೆದು ಒಂದು ನಿಮಿಷದಲ್ಲಿ ತಿದ್ದೋಕೆ ಆಗುತ್ತಾ? 1979ರಲ್ಲಿ ಇಂಗಲ್ಸ್‌ಗೆ ಆಗಿತ್ತು. ನುಣುಪು ನಮಗೆ ಸಿಕ್ಕಿತು, ತಿದ್ದೋ ಹಕ್ಕು ಆ ಕೋಣೆಯಲ್ಲೇ ಉಳಿದುಬಿಡ್ತು. ಮುಂದಿನ ವಾರ ಸಿಗೋಣ.