ಕಾದ ಕಬ್ಬಿಣದಿಂದ ನಮ್ಮ ಸೆಲ್ಫಿವರೆಗೆ (ಭಾಗ 4)

‘ಈ ಸೈನ್, ಕೊಸೈನ್ ಓದಿ ಏನ್ ಉಪಯೋಗ?’ ಅಂತ ಕ್ಲಾಸಲ್ಲಿ ಗೊಣಗ್ತೀವಲ್ಲ, ಉತ್ತರ ನಮ್ಮ ಫೋನ್ ಗ್ಯಾಲರಿಯಲ್ಲೇ ಇದೆ.

1807, ಫ್ರಾನ್ಸ್. ಜೋಸೆಫ್ ಫೂರಿಯೇ ಅವರನ್ನು ಕಾಡ್ತಿದ್ದದ್ದು ಭೌತಶಾಸ್ತ್ರದ ಪ್ರಶ್ನೆ: ಕಾದ ಲೋಹದಲ್ಲಿ ಶಾಖ ಹೇಗೆ ಹರಡುತ್ತೆ? ಅದನ್ನು ಬಿಡಿಸೋಕೆ, ಎಂಥ ವಕ್ರರೇಖೆಯನ್ನಾದರೂ ಸೈನ್, ಕೊಸೈನ್ ಅಲೆಗಳ ಮೊತ್ತವಾಗಿ ಬರೆಯಬಹುದು ಅಂದರು. ಲಗ್ರಾಂಜ್‌ರಂಥ ದೊಡ್ಡ ಗಣಿತಜ್ಞರೇ ಒಪ್ಪಲಿಲ್ಲ. ಪ್ರಬಂಧ ಆಗ ಅಚ್ಚಾಗಲಿಲ್ಲ. ಪುಸ್ತಕ ಬಂದಿದ್ದು 1822ರಲ್ಲಿ. ಆಕ್ಷೇಪಣೆಯಲ್ಲೂ ಹುರುಳಿತ್ತು. ಈ ಮಾತು ಯಾವಾಗ ನಿಜ ಅನ್ನೋದಕ್ಕೆ ಗಟ್ಟಿ ಸಾಧನೆ ಕೊಟ್ಟವರು ಡಿರಿಶ್ಲೆ, 1829ರಲ್ಲಿ.

ಈಗ ನಮ್ಮ ಬೆಂಗಳೂರಿಗೆ ಬನ್ನಿ. ಇಲ್ಲೇ ಹುಟ್ಟಿ, 1961ರಲ್ಲಿ ಯುವಿಸಿಇಯಲ್ಲಿ ಇಂಜಿನಿಯರಿಂಗ್ ಮುಗಿಸಿದವರು ನಾಸಿರ್ ಅಹ್ಮದ್. ಚಿತ್ರಗಳನ್ನು ಕೊಸೈನ್ ಅಲೆಗಳಾಗಿ ಒಡೆದು ಚಿಕ್ಕದು ಮಾಡೋ ಯೋಜನೆಗೆ 1972ರಲ್ಲಿ ಅಮೆರಿಕದಲ್ಲಿ ಧನಸಹಾಯ ಕೇಳಿದರು. ಸಿಗಲಿಲ್ಲ. ಆದ್ರೂ ಬಿಡಲಿಲ್ಲ. 1974ರಲ್ಲಿ ಟಿ. ನಟರಾಜನ್, ಕೆ. ಆರ್. ರಾವ್ ಜೊತೆ ಸೇರಿ ಪ್ರಕಟಿಸಿದರು. ಅದೇ ಡಿಸಿಟಿ.

1992ರ ಜೆಪೆಗ್ ನಿಂತಿರೋದು ಇದರ ಮೇಲೆ. ಪ್ರೋಗ್ರಾಂ ಫೋಟೋವನ್ನು 8×8 ಪಿಕ್ಸೆಲ್ ಚೌಕಗಳಾಗಿ ಕತ್ತರಿಸುತ್ತೆ. ಪ್ರತಿ ಚೌಕದಲ್ಲೂ 64 ಕೊಸೈನ್ ವಿನ್ಯಾಸಗಳಲ್ಲಿ ಯಾವುದು ಎಷ್ಟಿದೆ ಅಂತ ಲೆಕ್ಕ ಹಾಕುತ್ತೆ. ಕಣ್ಣಿಗೆ ಅಷ್ಟಾಗಿ ಕಾಣದ ಸೂಕ್ಷ್ಮ ವಿವರಗಳನ್ನು ಬಿಟ್ಟುಬಿಡುತ್ತೆ. ಫೈಲ್ ಪುಟ್ಟದಾಗುತ್ತೆ. ಹತ್ತಾರು ಸಲ ಫಾರ್ವರ್ಡ್ ಆದ ಫೋಟೋದಲ್ಲಿ ಚೌಕ ಚೌಕ ಕಾಣ್ಸುತ್ತಲ್ಲ, ಅವು ಇವೇ!

ಎರಡು ಸಲ ‘ಬೇಡ’ ಅನ್ನಿಸಿಕೊಂಡ ಯೋಚನೆ ಇವತ್ತು ಎಲ್ಲರ ಜೇಬಲ್ಲಿದೆ. ನಿಮ್ಮ ಪ್ರಾಜೆಕ್ಟ್ ಐಡಿಯಾ ರಿಜೆಕ್ಟ್ ಆಗಿದ್ರೆ ಇದನ್ನ ಸೇವ್ ಮಾಡಿಟ್ಕೊಳ್ಳಿ.

#ಗಣಿತದಕಥೆ #ಕನ್ನಡದಲ್ಲಿವಿಜ್ಞಾನ