ಹತ್ತಿರದ ಬೆಟ್ಟ: ಲಿಥುವೇನಿಯಾ ಮತ್ತು ಅದರ ನೆರೆಹೊರೆ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ತಿಳಿಯದ ಕನ್ನಡಿಗರಿಲ್ಲ. ದೂರದಿಂದ ನೋಡುವವನಿಗೆ ಬೆಟ್ಟದ ನೀಲಿಯಷ್ಟೇ ಕಾಣುತ್ತದೆ. ಅದರ ಕಲ್ಲುಮುಳ್ಳುಗಳು ಕಾಲಿಗೆ ತಾಗುವುದು ಬುಡಕ್ಕೆ ಹೋದವನಿಗೆ ಮಾತ್ರ. ಈ ಮಾತು ವ್ಯಕ್ತಿಗಳ ಸಂಬಂಧಕ್ಕೆ ಸಲ್ಲುವಂತೆ ರಾಷ್ಟ್ರಗಳ ಸಂಬಂಧಕ್ಕೂ ಸಲ್ಲುತ್ತದೆ. ಸಣ್ಣ ರಾಷ್ಟ್ರವೊಂದಕ್ಕೆ ಸಾಗರದಾಚೆಯ ಬಲಿಷ್ಠನ ಸ್ನೇಹವನ್ನು ಬಯಸುವುದು ಸುಲಭ. ಬೇಲಿಯಾಚೆಯ ನೆರೆಯವನೊಡನೆ ತಲೆಮಾರುಗಳ ಲೆಕ್ಕವನ್ನು ತೀರಿಸಿಕೊಳ್ಳುವುದು ಕಷ್ಟ. ಯುರೋಪಿನ ಲಿಥುವೇನಿಯಾ ಇಪ್ಪತ್ತನೆಯ ಶತಮಾನದಲ್ಲಿ ಎರಡು ಬಾರಿ ಸ್ವತಂತ್ರವಾಯಿತು. ಮೊದಲನೆಯ ಸ್ವಾತಂತ್ರ್ಯ ಇಪ್ಪತ್ತೆರಡು ವರ್ಷಗಳಲ್ಲಿ ಕೈಜಾರಿತು. ಎರಡನೆಯದು ಮೂರೂವರೆ ದಶಕಗಳನ್ನು ದಾಟಿ ನಿಂತಿದೆ. ಈ ವ್ಯತ್ಯಾಸಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು, ಅಂದರೆ ನೆರೆಯ ಪೋಲೆಂಡಿನೊಡನೆ ಆ ದೇಶದ ಸಂಬಂಧ ಬೆಳೆದ ಬಗೆಯನ್ನು, ಈ ಕೆಲವು ನಿಮಿಷಗಳಲ್ಲಿ ವಿಚಾರಮಾಡಬಹುದು.

ಬಾಲ್ಟಿಕ್ ಸಮುದ್ರದ ದಡದಲ್ಲಿರುವ ಲಿಥುವೇನಿಯಾದ ಜನಸಂಖ್ಯೆ ಮೂವತ್ತು ಲಕ್ಷವನ್ನೂ ಮುಟ್ಟುವುದಿಲ್ಲ. ಉತ್ತರಕ್ಕೆ ಲಾಟ್ವಿಯಾ, ಪೂರ್ವ ಮತ್ತು ದಕ್ಷಿಣಕ್ಕೆ ಬೆಲಾರೂಸ್, ನೈಋತ್ಯಕ್ಕೆ ಪೋಲೆಂಡ್ ಹಾಗೂ ರಷ್ಯದ ಮುಖ್ಯಭೂಮಿಯಿಂದ ಬೇರ್ಪಟ್ಟಿರುವ ಕಲಿನಿನ್‌ಗ್ರಾಡ್ ಪ್ರಾಂತ. ಭಾಷಾಶಾಸ್ತ್ರವನ್ನು ಬಲ್ಲವರಿಗೆ ಈ ನಾಡು ಅಪರಿಚಿತವಲ್ಲ. ಇಂಡೋ-ಯುರೋಪಿಯನ್ ಕುಟುಂಬದ ಜೀವಂತ ಭಾಷೆಗಳಲ್ಲಿ ಬಹಳ ಪ್ರಾಚೀನ ರೂಪಗಳನ್ನು ಉಳಿಸಿಕೊಂಡಿರುವ ಭಾಷೆ ಇವರದು. ಸಂಸ್ಕೃತದ ಸೂನುವಿಗೆ ಅಲ್ಲಿ ಸೂನುಸ್, ಅಗ್ನಿಗೆ ಉಗ್ನಿಸ್, ದೇವನಿಗೆ ದಿಯೆವಾಸ್ ಎನ್ನುತ್ತಾರೆ. ಈ ಭಾಷೆಯೇ ಮುಂದೆ ಹೇಳಲಿರುವ ಮನಸ್ತಾಪದ ಬೇರಿನಲ್ಲಿಯೂ ಇದೆ.

1385ರ ಕ್ರೇವೊ ಒಪ್ಪಂದದಂತೆ ಲಿಥುವೇನಿಯಾದ ಮಹಾಪ್ರಭು ಯೊಗೈಲ ಪೋಲೆಂಡಿನ ರಾಣಿಯನ್ನು ವರಿಸಿ ಅಲ್ಲಿನ ಸಿಂಹಾಸನವನ್ನೇರಿದನು. 1569ರ ಲೂಬ್ಲಿನ್ ಒಪ್ಪಂದ ಎರಡು ನಾಡುಗಳನ್ನು ಒಂದೇ ರಾಜ್ಯಕೂಟವಾಗಿ ಬೆಸೆಯಿತು. 1795ರಲ್ಲಿ ರಷ್ಯ, ಪ್ರಷ್ಯ, ಆಸ್ಟ್ರಿಯಾಗಳು ಆ ರಾಜ್ಯದ ಕೊನೆಯ ತುಂಡನ್ನೂ ಹಂಚಿಕೊಂಡವು. ಈ ನಾಲ್ಕು ಶತಮಾನಗಳ ಸಹವಾಸದಲ್ಲಿ ಲಿಥುವೇನಿಯಾದ ಶ್ರೀಮಂತವರ್ಗ ಪೋಲಿಷ್ ನುಡಿಯನ್ನು ತನ್ನದಾಗಿಸಿಕೊಂಡಿತು. ಲಿಥುವೇನಿಯನ್ ನುಡಿ ರೈತರ ಗುಡಿಸಲುಗಳಲ್ಲಿ ಉಳಿಯಿತು. ಪೋಲಿಷ್ ಸಾಹಿತ್ಯದ ಮಹಾಕವಿ ಮಿತ್ಸ್ಕೆವಿಚ್ 1834ರಲ್ಲಿ ಪ್ರಕಟಿಸಿದ ‘ಪಾನ್ ತದೇಉಷ್’ ಕಾವ್ಯ ಲಿಥುವೇನಿಯಾವನ್ನೇ ತನ್ನ ನಾಡೆಂದು ಸಂಬೋಧಿಸಿ ಆರಂಭವಾಗುತ್ತದೆ. 1863ರ ದಂಗೆಯ ನಂತರ ಚಕ್ರವರ್ತಿಯ ಸರ್ಕಾರವು ಲ್ಯಾಟಿನ್ ಲಿಪಿಯಲ್ಲಿ ಲಿಥುವೇನಿಯನ್ ಪುಸ್ತಕಗಳನ್ನು ಅಚ್ಚುಮಾಡುವುದನ್ನೇ ನಿಷೇಧಿಸಿತು. 1904ರವರೆಗೆ, ನಲವತ್ತು ವರ್ಷಗಳ ಕಾಲ, ಸಾಮಾನ್ಯ ಹಳ್ಳಿಗರು ಪ್ರಷ್ಯದ ಗಡಿಯಿಂದ ಪುಸ್ತಕಗಳನ್ನು ಕದ್ದು ಹೊತ್ತು ತಂದರು. ಹೀಗೆ ಅಕ್ಷರವನ್ನು ಬೆನ್ನಮೇಲೆ ಹೊತ್ತು ಬದುಕಿಸಿಕೊಂಡ ಜನಕ್ಕೆ ಎರಡು ಭಯಗಳಿದ್ದವು. ರಷ್ಯದ ಆಳ್ವಿಕೆ ತಮ್ಮನ್ನು ತುಳಿದೀತೆಂಬುದು ಒಂದು. ಪೋಲಿಷ್ ಸಂಸ್ಕೃತಿ ತಮ್ಮನ್ನು ತನ್ನೊಳಗೆ ಕರಗಿಸಿಬಿಟ್ಟೀತೆಂಬುದು ಇನ್ನೊಂದು. ಎರಡನೆಯ ಭಯವೇ ಹೆಚ್ಚು ಸೂಕ್ಷ್ಮವಾದುದು. ಏಕೆಂದರೆ ಅದು ಬಂಧುವಿನ ಭಯ.

1918ರ ಫೆಬ್ರವರಿ 16ರಂದು ವಿಲ್ನಿಯಸ್ ನಗರದಲ್ಲಿ ಲಿಥುವೇನಿಯಾದ ಸ್ವಾತಂತ್ರ್ಯವನ್ನು ಸಾರಲಾಯಿತು. ಅದು ಅವರ ಪ್ರಾಚೀನ ರಾಜಧಾನಿ; ಆದರೆ ಆಗ ಆ ನಗರದಲ್ಲಿ ಪೋಲಿಷ್ ಮಾತಾಡುವವರೂ ಯೆಹೂದಿಗಳೂ ಬಹುಸಂಖ್ಯೆಯಲ್ಲಿದ್ದು, ಲಿಥುವೇನಿಯನ್ನರು ಅಲ್ಪಸಂಖ್ಯಾತರಾಗಿದ್ದರು. ಒಬ್ಬರಿಗೆ ಇತಿಹಾಸದ ಹಕ್ಕು, ಇನ್ನೊಬ್ಬರಿಗೆ ಜನಸಂಖ್ಯೆಯ ಹಕ್ಕು. 1920ರ ಅಕ್ಟೋಬರ್ 7ರಂದು ಸುವಾಲ್ಕಿಯಲ್ಲಿ ಎರಡು ದೇಶಗಳ ನಡುವೆ ಗಡಿರೇಖೆಯ ಒಪ್ಪಂದಕ್ಕೆ ಸಹಿ ಬಿತ್ತು. ಶಾಯಿ ಆರುವ ಮುನ್ನವೇ, ಎರಡೇ ದಿನಗಳಲ್ಲಿ, ಪೋಲೆಂಡಿನ ಸೇನಾನಿ ಜೆಲಿಗೋವ್‌ಸ್ಕಿ ‘ಬಂಡಾಯ’ದ ವೇಷದಲ್ಲಿ ನಗರವನ್ನು ಹಿಡಿದನು. ಆ ಬಂಡಾಯಕ್ಕೆ ಪೋಲೆಂಡಿನ ನಾಯಕ ಪಿಲ್ಸುಡ್‌ಸ್ಕಿಯ ಒಳ ಅಪ್ಪಣೆಯಿತ್ತು. ಪಿಲ್ಸುಡ್‌ಸ್ಕಿ ಸಹ ವಿಲ್ನಿಯಸ್ಸಿನ ಸಮೀಪದಲ್ಲಿಯೇ ಹುಟ್ಟಿದವನು. ಆ ಮಣ್ಣನ್ನು ತನ್ನದೆಂದು ಮನಸಾರೆ ನಂಬಿದವನು. 1922ರಲ್ಲಿ ನಗರವನ್ನು ಪೋಲೆಂಡಿಗೆ ಸೇರಿಸಿಕೊಳ್ಳಲಾಯಿತು.

ಲಿಥುವೇನಿಯಾ ಕೌನಾಸ್ ನಗರವನ್ನು ತಾತ್ಕಾಲಿಕ ರಾಜಧಾನಿಯಾಗಿ ಮಾಡಿಕೊಂಡಿತು, ಪೋಲೆಂಡಿನೊಡನೆ ಎಲ್ಲ ಸಂಬಂಧವನ್ನೂ ಕಡಿದುಕೊಂಡಿತು. ರಾಯಭಾರಿಗಳಿಲ್ಲ, ನೇರವಾದ ಅಂಚೆಯಿಲ್ಲ, ಗಡಿ ದಾಟುವ ರೈಲಿಲ್ಲ. ಒಂದೇ ಮನೆತನದ ಕವಲುಗಳು ಎರಡು ಕಡೆಯಲ್ಲಿದ್ದು ಕಾಗದ ಬರೆಯಬೇಕಾದರೆ ಮೂರನೆಯ ದೇಶದ ಮೂಲಕ ಬರೆಯಬೇಕು. ಈ ಮೌನ 1938ರವರೆಗೆ ಮುಂದುವರಿಯಿತು. ಅದು ಮುಗಿದದ್ದು ಸೌಹಾರ್ದದಿಂದಲ್ಲ. ಆ ವರ್ಷದ ಮಾರ್ಚ್ 17ರಂದು ಪೋಲೆಂಡ್ ಕಳುಹಿಸಿದ ಅಂತಿಮ ಎಚ್ಚರಿಕೆಗೆ ಮಣಿದು ಲಿಥುವೇನಿಯಾ ರಾಯಭಾರ ಸಂಬಂಧಕ್ಕೆ ಒಪ್ಪಬೇಕಾಯಿತು. ನ್ಯಾಯ ಲಿಥುವೇನಿಯಾದ ಕಡೆಗಿತ್ತು ಎನ್ನುವವರುಂಟು. ಆ ಮಾತನ್ನು ಅಲ್ಲಗಳೆಯುವುದು ಸುಲಭವಲ್ಲ. ಆದರೆ ನ್ಯಾಯವನ್ನು ಹಿಡಿದು ಕುಳಿತ ಆ ಹದಿನೆಂಟು ವರ್ಷಗಳಲ್ಲಿ ಎರಡು ದೇಶಗಳೂ ತಮ್ಮ ಇಕ್ಕೆಲಗಳಲ್ಲಿ ಬೆಳೆಯುತ್ತಿದ್ದ ಎರಡು ದೈತ್ಯಶಕ್ತಿಗಳ ಎದುರು ಒಟ್ಟಾಗಿ ನಿಲ್ಲುವುದನ್ನು ಕಲಿಯಲಿಲ್ಲ.

ಫಲ ಬೇಗನೆ ಬಂದಿತು. 1939ರ ಮಾರ್ಚಿಯಲ್ಲಿ ಜರ್ಮನಿ ಕ್ಲೈಪೆಡಾ ಬಂದರನ್ನು ಕಸಿದುಕೊಂಡಿತು. ಅದೇ ಆಗಸ್ಟ್ 23ರಂದು ಮಾಸ್ಕೋ ಮತ್ತು ಬರ್ಲಿನ್ ಗುಪ್ತವಾಗಿ ಈ ಭೂಭಾಗವನ್ನೆಲ್ಲ ಹಂಚಿಕೊಂಡವು. ಸೆಪ್ಟೆಂಬರಿನಲ್ಲಿ ಪೋಲೆಂಡ್ ಮುಳುಗಿತು. ಅಕ್ಟೋಬರ್ 10ರಂದು ಸೋವಿಯತ್ ಒಕ್ಕೂಟವು ವಿಲ್ನಿಯಸ್ ನಗರವನ್ನು ಲಿಥುವೇನಿಯಾಕ್ಕೆ ‘ಉದಾರ’ವಾಗಿ ಕೊಟ್ಟು, ಪ್ರತಿಯಾಗಿ ಅಲ್ಲಿ ತನ್ನ ಸೈನ್ಯದ ನೆಲೆಗಳನ್ನು ಕೇಳಿತು. ವಿಲ್ನಿಯಸ್ ನಮ್ಮದಾಯಿತು, ನಾವು ರಷ್ಯದವರಾದೆವು ಎಂದು ಆ ಕಾಲದಲ್ಲಿ ಜನ ಕಹಿಯಾಗಿ ಆಡಿಕೊಂಡರು. 1940ರ ಜೂನ್ 15ರಂದು ಸೋವಿಯತ್ ಸೈನ್ಯ ದೇಶವನ್ನೇ ಆಕ್ರಮಿಸಿತು. ಮುಂದಿನ ಯುದ್ಧದಲ್ಲಿ ಜರ್ಮನರು, ಸ್ಥಳೀಯ ಸಹಾಯಕರ ನೆರವಿನೊಡನೆ, ಲಿಥುವೇನಿಯಾದ ಯೆಹೂದಿಗಳಲ್ಲಿ ಶೇಕಡ 90ಕ್ಕಿಂತ ಹೆಚ್ಚು ಜನರನ್ನು ಕೊಂದರು. ಯುದ್ಧಾನಂತರ ವಿಲ್ನಿಯಸ್ಸಿನ ಪೋಲಿಷ್ ಜನರಲ್ಲಿ ಹೆಚ್ಚಿನವರನ್ನು ಪೋಲೆಂಡಿಗೆ ಸಾಗಿಸಲಾಯಿತು. ಜಗಳಕ್ಕೆ ಕಾರಣವಾದ ನಗರ ಉಳಿಯಿತು. ಆ ನಗರದ ಜನ ಉಳಿಯಲಿಲ್ಲ.

ದೂರದ ಬೆಟ್ಟ ಈ ಹೊತ್ತಿನಲ್ಲಿ ಏನು ಮಾಡಿತು? 1940ರ ಜುಲೈ 23ರಂದು ಅಮೆರಿಕದ ಪ್ರಭಾರಿ ವಿದೇಶಾಂಗ ಕಾರ್ಯದರ್ಶಿ ವೆಲ್ಸ್ ಒಂದು ಹೇಳಿಕೆಯನ್ನು ಹೊರಡಿಸಿ, ಬಲಾತ್ಕಾರದ ಈ ವಿಲೀನವನ್ನು ಅಮೆರಿಕ ಒಪ್ಪುವುದಿಲ್ಲವೆಂದು ಸಾರಿದನು. ಐವತ್ತು ವರ್ಷಗಳ ಕಾಲ ಅಮೆರಿಕ ಆ ಮಾತನ್ನು ಬಿಡಲಿಲ್ಲ. ಭೂಪಟದಲ್ಲಿ ಇಲ್ಲದ ದೇಶದ ದೂತಾವಾಸ ವಾಷಿಂಗ್ಟನ್ನಿನಲ್ಲಿ ಬಾಗಿಲು ತೆರೆದುಕೊಂಡೇ ಇತ್ತು. ಈ ನಿಲುವಿನ ಬೆಲೆಯನ್ನು ಕಡಿಮೆಮಾಡಲಾಗದು. ಹಕ್ಕು ಅಳಿಯದಂತೆ ಅದು ಕಾಪಾಡಿತು. ಆದರೆ ಹಕ್ಕನ್ನು ಕಾಪಾಡುವುದು ಬೇರೆ, ಮನೆಯನ್ನು ಮರಳಿ ಕೊಡಿಸುವುದು ಬೇರೆ.

ಬೇಲಿಯಾಚೆಯ ಮನಸ್ಸನ್ನು ತಿದ್ದುವ ಕೆಲಸ ಆರಂಭವಾದದ್ದು ಯಾವ ಮಂತ್ರಾಲಯದಲ್ಲಿಯೂ ಅಲ್ಲ, ಒಂದು ಸಾಹಿತ್ಯ ಪತ್ರಿಕೆಯ ಕಚೇರಿಯಲ್ಲಿ ಎಂಬುದು ಸಾಹಿತ್ಯಾಸಕ್ತರು ಗಮನಿಸಬೇಕಾದ ಸಂಗತಿ. ದೇಶಭ್ರಷ್ಟರಾದ ಪೋಲಿಷ್ ಲೇಖಕರಿಗಾಗಿ ಯೆಜಿ ಗೆದ್ರೊಯ್ತ್ಸ್ ಎಂಬಾತ 1947ರಲ್ಲಿ ‘ಕುಲ್ತೂರ’ ಎಂಬ ಪತ್ರಿಕೆಯನ್ನು ಆರಂಭಿಸಿ, ಪ್ಯಾರಿಸ್ಸಿನ ಸಮೀಪದ ಒಂದು ಮನೆಯಿಂದ ಅದನ್ನು ತನ್ನ ಮರಣದವರೆಗೆ, ಅಂದರೆ 2000ದವರೆಗೆ, ನಡೆಸಿದನು. ಅವನದೂ ಲಿಥುವೇನಿಯಾದ ಹಳೆಯ ರಾಜಮನೆತನದ ಕವಲು. 1952ರಲ್ಲಿ ಆ ಪತ್ರಿಕೆ ಓದುಗನೊಬ್ಬನ ಪತ್ರವನ್ನು ಪ್ರಕಟಿಸಿತು: ವಿಲ್ನಿಯಸ್ಸನ್ನು ಲಿಥುವೇನಿಯನ್ನರಿಗೂ, ಲ್ವಿವ್ ನಗರವನ್ನು ಉಕ್ರೇನಿಯನ್ನರಿಗೂ ಪೋಲಿಷರು ಮನಃಪೂರ್ವಕವಾಗಿ ಬಿಟ್ಟುಕೊಡಬೇಕು ಎಂಬುದು ಅದರ ಸಾರ. ಮನೆಮಠ ಕಳೆದುಕೊಂಡು ಆ ನಗರಗಳನ್ನೇ ನೆನೆಯುತ್ತಿದ್ದ ವಲಸಿಗರು ಕೆರಳಿದರು. ಸಂಪಾದಕ ಹಿಂಜರಿಯಲಿಲ್ಲ. ಈ ಪತ್ರಿಕೆಯ ಚಿಂತಕ ಮ್ಯೆರೊಷೆವ್‌ಸ್ಕಿ 1970ರ ದಶಕದಲ್ಲಿ ಈ ವಿಚಾರಕ್ಕೆ ತರ್ಕದ ಬಲವನ್ನು ಕೊಟ್ಟನು: ಲಿಥುವೇನಿಯಾ, ಬೆಲಾರೂಸ್, ಉಕ್ರೇನ್‌ಗಳು ಸ್ವತಂತ್ರವಾಗದೆ ಪೋಲೆಂಡಿನ ಸ್ವಾತಂತ್ರ್ಯ ನೆಲೆಗೊಳ್ಳದು, ಆ ನಾಡುಗಳ ಮೇಲಿನ ಒಡೆತನದ ಕನಸನ್ನು ಪೋಲಿಷರು ಬಿಡದೆ ರಷ್ಯವೂ ಬಿಡಲಿ ಎಂದು ಕೇಳುವ ನೈತಿಕ ಅಧಿಕಾರ ಅವರಿಗಿಲ್ಲ.

ಇದೇ ಪತ್ರಿಕೆಯ ಬಳಗದವನು ಕವಿ ಚೆಸ್ಲಾವ್ ಮಿಲೋಷ್. ಲಿಥುವೇನಿಯಾದ ಹಳ್ಳಿಯಲ್ಲಿ ಹುಟ್ಟಿ, ವಿಲ್ನಿಯಸ್ಸಿನಲ್ಲಿ ಓದಿ, ಪೋಲಿಷಿನಲ್ಲಿ ಬರೆದು 1980ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಪಡೆದವನು. 1970ರ ದಶಕದ ಕೊನೆಯಲ್ಲಿ ಅವನೂ ಲಿಥುವೇನಿಯನ್ ಕವಿ ತೋಮಾಸ್ ವೆಂತ್ಸ್ಲೊವಾನೂ ವಿಲ್ನಿಯಸ್ ಕುರಿತು ಪರಸ್ಪರ ಬರೆದ ಪತ್ರಗಳು ‘ಕುಲ್ತೂರ’ದಲ್ಲಿ ಬೆಳಕು ಕಂಡವು. ಒಂದೇ ನಗರವನ್ನು ಎರಡು ಭಾಷೆಗಳಲ್ಲಿ ಪ್ರೀತಿಸುವವರು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳಬಲ್ಲರು ಎಂಬುದಕ್ಕೆ ಆ ಪತ್ರಗಳು ಸಾಕ್ಷಿಯಾದವು.

1989ರ ಆಗಸ್ಟ್ 23ರಂದು, ಆ ಗುಪ್ತ ಒಪ್ಪಂದದ ಐವತ್ತನೆಯ ವರ್ಷದ ದಿನ, ವಿಲ್ನಿಯಸ್ಸಿನಿಂದ ರೀಗಾದ ಮೂಲಕ ತಾಲಿನ್‌ವರೆಗೆ ಸುಮಾರು 600 ಕಿಲೋಮೀಟರ್ ಉದ್ದಕ್ಕೂ ಜನ ಕೈಕೈ ಹಿಡಿದು ನಿಂತರು. 1990ರ ಮಾರ್ಚ್ 11ರಂದು, ಸಂಗೀತದ ಪ್ರಾಧ್ಯಾಪಕ ಲಾಂಡ್ಸ್‌ಬರ್ಗಿಸ್ ಅಧ್ಯಕ್ಷನಾಗಿದ್ದ ಶಾಸನಸಭೆ ಸ್ವಾತಂತ್ರ್ಯವನ್ನು ಮರುಸ್ಥಾಪಿಸಿತು. ಆಗ ಪಶ್ಚಿಮದ ರಾಷ್ಟ್ರಗಳು ಹಾರ ಹಾಕಲಿಲ್ಲ. ಗೊರ್ಬಚೋವರ ಸ್ಥಾನ ಅಲುಗಾಡೀತೆಂಬ ಅಂಜಿಕೆಯಿಂದ ಫ್ರಾನ್ಸಿನ ಮಿತ್ತರಾಂ ಮತ್ತು ಜರ್ಮನಿಯ ಕೋಲ್ ಜೊತೆಯಾಗಿ ಪತ್ರ ಬರೆದು, ಸ್ವಾತಂತ್ರ್ಯದ ನಿರ್ಣಯದ ಜಾರಿಯನ್ನು ಸ್ವಲ್ಪಕಾಲ ತಡೆಹಿಡಿಯಿರಿ ಎಂದು ಸಲಹೆಮಾಡಿದರು. ಮಾಸ್ಕೋ ತೈಲ, ಅನಿಲಗಳನ್ನು ತಡೆಯಿತು. 1991ರ ಜನವರಿ 13ರ ರಾತ್ರಿ ದೂರದರ್ಶನ ಗೋಪುರದ ಬಳಿ ಸೋವಿಯತ್ ಟ್ಯಾಂಕುಗಳ ಎದುರು ನಿಂತವರಲ್ಲಿ 14 ಮಂದಿ ಪ್ರಾಣ ತೆತ್ತರು. ಅದಾದ ಮೇಲೆ, ಫೆಬ್ರವರಿ 11ರಂದು, ಮೊದಲು ಮನ್ನಣೆ ಸಾರಿದ ಪಾಶ್ಚಾತ್ಯ ರಾಷ್ಟ್ರ ಯಾವುದು? ಸ್ವಂತ ಸೈನ್ಯವೇ ಇಲ್ಲದ ಪುಟ್ಟ ಐಸ್‌ಲ್ಯಾಂಡ್. ವಿಲ್ನಿಯಸ್ಸಿನ ಒಂದು ಬೀದಿ ಇಂದು ಆ ದೇಶದ ಹೆಸರನ್ನು ಹೊತ್ತಿದೆ. ದೊಡ್ಡವರು ಬಂದದ್ದು ಆಗಸ್ಟಿನಲ್ಲಿ, ಮಾಸ್ಕೋದಲ್ಲಿ ಕ್ಷಿಪ್ರಕ್ರಾಂತಿ ವಿಫಲವಾದ ನಂತರ. ಭಾರತವೂ ಸೆಪ್ಟೆಂಬರಿನಲ್ಲಿ ಮನ್ನಣೆ ನೀಡಿತು.

ಪೋಲೆಂಡಿನೊಡನೆ ಮತ್ತೆ ಪರೀಕ್ಷೆಯ ಕಾಲ ಬಂದಿತು. ಲಿಥುವೇನಿಯಾದಲ್ಲಿ ಉಳಿದಿದ್ದ ಪೋಲಿಷ್ ಅಲ್ಪಸಂಖ್ಯಾತರ ಕೆಲವು ಮುಖಂಡರು ಸ್ವಾಯತ್ತತೆಯನ್ನು ಕೇಳಿದ್ದರು. 1991ರ ಸೆಪ್ಟೆಂಬರಿನಲ್ಲಿ ಸರ್ಕಾರ ಅವರ ಎರಡು ಜಿಲ್ಲಾ ಮಂಡಲಿಗಳನ್ನು ವಿಸರ್ಜಿಸಿತು. 1920ರ ಆಕ್ರಮಣಕ್ಕೆ ಪೋಲೆಂಡ್ ತಪ್ಪೊಪ್ಪಿಕೊಳ್ಳಬೇಕೆಂದು ವಿಲ್ನಿಯಸ್ ಪಟ್ಟುಹಿಡಿಯಿತು, ವಾರ್ಸಾ ಒಪ್ಪಲಿಲ್ಲ. ಹಳೆಯ ಕಥೆಯೇ ಮರುಕಳಿಸುವಂತಿತ್ತು. ಆದರೆ ಈ ಬಾರಿ ಪೋಲೆಂಡಿನ ಯಾವ ಸರ್ಕಾರವೂ ವಿಲ್ನಿಯಸ್ಸನ್ನು ಕೇಳಲಿಲ್ಲ. ‘ಕುಲ್ತೂರ’ ನಲವತ್ತು ವರ್ಷ ಉತ್ತ ಹೊಲದಲ್ಲಿ ಪೈರು ಬಂದಿತ್ತು. 1994ರ ಏಪ್ರಿಲ್ 26ರಂದು ಅಧ್ಯಕ್ಷರಾದ ಬ್ರಜೌಸ್ಕಾಸ್ ಮತ್ತು ವಲೇಸಾ ವಿಲ್ನಿಯಸ್ಸಿನಲ್ಲಿ ಸ್ನೇಹದ ಒಪ್ಪಂದಕ್ಕೆ ಸಹಿಹಾಕಿದರು. ಹೆಸರು ಹಿಡಿದು ಯಾರನ್ನೂ ದೂರದೆ, ಹಿಂದಿನ ಬಲಪ್ರಯೋಗವನ್ನು ಖಂಡಿಸಿ, ವಿಲ್ನಿಯಸ್ ಮತ್ತು ವಾರ್ಸಾ ರಾಜಧಾನಿಗಳಾಗಿರುವ ಎರಡು ದೇಶಗಳ ಭೂಪ್ರದೇಶವನ್ನು ಅದು ಮಾನ್ಯಮಾಡಿತು. ಇಬ್ಬರೂ ತಮ್ಮ ಪೂರ್ಣ ನ್ಯಾಯದಲ್ಲಿ ಸ್ವಲ್ಪ ಬಿಟ್ಟರು.

ಇದಾದ ಮೇಲೆಯೇ ಪಶ್ಚಿಮದ ಹಾದಿ ನೇರವಾಯಿತು. ರಷ್ಯದ ಸೈನ್ಯ 1993ರ ಆಗಸ್ಟ್ 31ರಂದೇ ದೇಶ ಬಿಟ್ಟಿತ್ತು. 1994ರ ಜನವರಿಯಲ್ಲಿ ಲಿಥುವೇನಿಯಾ ನೇಟೊ ಮಿತ್ರಕೂಟದ ಸದಸ್ಯತ್ವವನ್ನು ಕೋರಿತ್ತು. ನೆರೆಯವರೊಡನೆ ಗಡಿಜಗಳವಿರುವ ರಾಷ್ಟ್ರವನ್ನು ಅಂತಹ ಕೂಟ ಸುಲಭವಾಗಿ ಒಳಗೆ ಕರೆದುಕೊಳ್ಳದು. 1999ರಲ್ಲಿ ಒಳಗೆ ಹೋದ ಪೋಲೆಂಡ್, ಹಿಂದೆ ಉಳಿದ ಲಿಥುವೇನಿಯಾದ ಪರವಾಗಿ ವಾದಿಸಿತು. 2004ರ ಮಾರ್ಚ್ 29ರಂದು ಲಿಥುವೇನಿಯಾ ನೇಟೊ ಕೂಟವನ್ನೂ, ಮೇ 1ರಂದು ಐರೋಪ್ಯ ಒಕ್ಕೂಟವನ್ನೂ ಸೇರಿತು. ಈ ಸ್ನೇಹ ಬಿಟ್ಟಿ ದೊರೆತದ್ದಲ್ಲ. ಒಕ್ಕೂಟದ ಷರತ್ತಿನಂತೆ ದೇಶದ ವಿದ್ಯುತ್ತಿನ ಬಹುಪಾಲನ್ನು ಒದಗಿಸುತ್ತಿದ್ದ ಇಗ್ನಾಲಿನಾ ಅಣುಸ್ಥಾವರವನ್ನು 2009ರ ಕೊನೆಗೆ ಪೂರ್ತಿಯಾಗಿ ಮುಚ್ಚಬೇಕಾಯಿತು.

ಇಂದು ಆ ಗಡಿಯನ್ನು ನೋಡಿದರೆ ಚರಿತ್ರೆಯ ವಿಪರ್ಯಾಸ ಮನಸ್ಸಿಗೆ ಬರುತ್ತದೆ. ಬೆಲಾರೂಸ್ ಮತ್ತು ಕಲಿನಿನ್‌ಗ್ರಾಡುಗಳ ನಡುವೆ ಪೋಲೆಂಡ್-ಲಿಥುವೇನಿಯಾ ಗಡಿ ಇರುವುದು ಸುಮಾರು 100 ಕಿಲೋಮೀಟರ್ ಮಾತ್ರ. ಮೂರು ಬಾಲ್ಟಿಕ್ ರಾಷ್ಟ್ರಗಳಿಗೆ ಮಿತ್ರಕೂಟದ ನೆಲದಾರಿ ಇರುವುದು ಇದೊಂದೇ. ಸುವಾಲ್ಕಿಯ ಹೆಸರಿನಿಂದಲೇ ಈ ಇಕ್ಕಟ್ಟಾದ ದಾರಿಯನ್ನು ಕರೆಯುತ್ತಾರೆ. ಎರಡು ದಿನ ಬಾಳಿದ ಒಪ್ಪಂದ ನಡೆದ ಸುವಾಲ್ಕಿಯೇ ಇದು. ಯಾವ ಗಡಿಯಲ್ಲಿ ಒಂದು ಅಂಚೆಕಾಗದವೂ ದಾಟುತ್ತಿರಲಿಲ್ಲವೋ, ಆ ಗಡಿಯ ಮೂಲಕ 2025ರ ಫೆಬ್ರವರಿ 9ರಂದು ಲಿಥುವೇನಿಯಾ, ಲಾಟ್ವಿಯಾ, ಎಸ್ಟೋನಿಯಾಗಳ ವಿದ್ಯುಜ್ಜಾಲ ರಷ್ಯದ ಜಾಲವನ್ನು ತೊರೆದು ಯುರೋಪಿನ ಜಾಲವನ್ನು ಕೂಡಿಕೊಂಡಿತು. 1939ರಲ್ಲಿ ಕ್ಲೈಪೆಡಾವನ್ನು ಕಸಿದ ಜರ್ಮನಿಯ ಸೈನ್ಯದಳವೊಂದು ಈಗ ಲಿಥುವೇನಿಯಾದ ಕರೆಯ ಮೇರೆಗೆ ಅದರ ರಕ್ಷಣೆಗಾಗಿ ನೆಲೆಗೊಳ್ಳುತ್ತಿದೆ. 2022ರಲ್ಲಿ ಉಕ್ರೇನಿನ ಮೇಲೆ ರಷ್ಯ ಪೂರ್ಣಪ್ರಮಾಣದ ಯುದ್ಧ ಹೂಡಿದ ಬಳಿಕ ಇವು ಕೇವಲ ವಿಧಿವಿಧಾನದ ಸಂಗತಿಗಳಾಗಿ ಉಳಿದಿಲ್ಲ.

ಎಲ್ಲವೂ ತಿಳಿಯಾಯಿತೆಂದು ಹೇಳುವುದು ಸರಿಯಾಗದು. 1994ರ ಒಪ್ಪಂದ ಅಲ್ಪಸಂಖ್ಯಾತರ ಹೆಸರುಗಳ ಬರವಣಿಗೆಯ ನಿಯಮವನ್ನು ಮುಂದಿನ ಮಾತುಕತೆಗೆ ಬಿಟ್ಟಿತ್ತು. ಪೋಲಿಷ್ ಹೆಸರುಗಳಲ್ಲಿ ಬರುವ ‘ಡಬ್ಲ್ಯು’ ಲಿಥುವೇನಿಯನ್ ವರ್ಣಮಾಲೆಯಲ್ಲಿಲ್ಲ. ಗುರುತಿನ ಪತ್ರದಲ್ಲಿ ಆ ಒಂದು ಅಕ್ಷರಕ್ಕೆ ಜಾಗ ಕೊಡಲು ಇಪ್ಪತ್ತೆಂಟು ವರ್ಷ ಬೇಕಾಯಿತು. ಶಾಸನ ಬಂದದ್ದು 2022ರಲ್ಲಿ. ಪೋಲಿಷಿನ ಚಿಹ್ನೆಗಳುಳ್ಳ ಅಕ್ಷರಗಳಿಗೆ ಅದರಲ್ಲಿ ಜಾಗವಿಲ್ಲ. ಸೈನ್ಯಗಳು ಒಂದಾದರೂ ಅಕ್ಷರಗಳು ಒಂದಾಗಲು ತಡವೇಕೆ ಎಂದು ನಗಬಹುದು. ಪುಸ್ತಕಗಳನ್ನು ಕದ್ದು ತಂದು ಓದಿದವರ ಮೊಮ್ಮಕ್ಕಳಿಗೆ ಅಕ್ಷರವೆಂಬುದು ಹಗುರವಾದ ವಸ್ತುವಲ್ಲ ಎಂಬುದನ್ನು ನೆನೆದರೆ ಆ ನಗೆ ನಿಲ್ಲುತ್ತದೆ.

ಪಿಲ್ಸುಡ್‌ಸ್ಕಿಯ ದೇಹ ಪೋಲೆಂಡಿನ ಕ್ರಾಕೋವ್ ನಗರದಲ್ಲಿದೆ. ಅವನ ಹೃದಯವನ್ನು ಮಾತ್ರ 1936ರಲ್ಲಿ ವಿಲ್ನಿಯಸ್ಸಿನ ರಾಸೋಸ್ ಶ್ಮಶಾನದಲ್ಲಿ, ತಾಯಿಯ ಸಮಾಧಿಯಲ್ಲಿ ಇರಿಸಿದರು. ತಮ್ಮ ರಾಜಧಾನಿಯನ್ನು ಕಸಿದವನ ಹೃದಯ ಲಿಥುವೇನಿಯನ್ನರ ರಾಜಧಾನಿಯಲ್ಲಿ ಇಂದಿಗೂ ಉಳಿದಿದೆ; ಪೋಲೆಂಡಿನಿಂದ ಬಂದವರು ಅಲ್ಲಿ ಹೂವಿಟ್ಟು ಹೋಗುತ್ತಾರೆ. ನೆರೆಯವನ ನೆನಪಿಗೆ ತನ್ನ ಅಂಗಳದಲ್ಲಿ ಅಷ್ಟು ಜಾಗ ಬಿಡಬಲ್ಲ ನಾಡಿಗೆ ದೂರದ ಸ್ನೇಹಿತರೂ ಕೈಗೆಟಕುತ್ತಾರೆ. ಹತ್ತಿರದ ಬೆಟ್ಟವನ್ನು ಹತ್ತದೆ ದೂರದ ಬೆಟ್ಟವನ್ನು ಸೇರುವ ದಾರಿ ಆ ದೇಶಕ್ಕೆ ಇರಲಿಲ್ಲ.